ಪೇಟೆ ಮುಚ್ಚಿಸುವ ದನಿ

ನಮ್ಮೂರಿನಲ್ಲಿ ಗಿಟಾರಿಗೆ ಒಂದು ಪೆಡಲ್, ಅಂದರೆ ಕಾಲಿನಿಂದ ಒತ್ತಿ ದನಿ ಬದಲಿಸುವ ಡಬ್ಬಿ, ಕೊಂಡರೆ ಮನೆಯಿಂದ ಒಂದು ಸದ್ದು ಹೋಗುತ್ತದೆ. ಡಬ್ಬಿಗೆ ನಾನು ತೆಗೆದುಕೊಳ್ಳುವ ಹಣ ಹೆಚ್ಚೇನಲ್ಲ, ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆ. ಆದರೆ ಡಬ್ಬಿ ಬರುವುದು ಖಾಲಿ. ಅದರೊಳಕ್ಕೆ ಏನು ತುಂಬುತ್ತೀರಿ ಅನ್ನುವುದೇ ನಿಜವಾದ ಖರ್ಚು. ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ನಿಗೆ ಅರೆಯುವ, ಬೀಸುವ, ಉಜ್ಜುವ ಸದ್ದು ಬೇಕು. ಮಿಕ್ಸರ್ ತುಂಬಿಸಿದವರ ಮನೆಯಲ್ಲಿ ಅಂದಿನಿಂದ ಮಿಕ್ಸರ್ ತುಟಿ ಬಿಚ್ಚದೆ ಚಟ್ನಿ ಅರೆಯುತ್ತದೆ. ಒಂದು ಸ್ವರದ ಬೆನ್ನಿಗೆ ಅದೇ ಸ್ವರವನ್ನು ಮತ್ತೆ ಮತ್ತೆ ಕಳಿಸುವ ಡಿಲೇಗೆ ಮರುಕಳಿಸುವ ಸದ್ದು ಬೇಕು: ಬಾವಿಯ ರಾಟೆ, ತೊಟ್ಟಿಲು, ಗೋಡೆ ಗಡಿಯಾರ. ಗುಡಿಯೊಳಗೆ ನಿಂತು ಬಾರಿಸಿದಂತೆ ಕೇಳಿಸುವ ರಿವರ್ಬಿಗೆ ಖಾಲಿ ಹಂಡೆಯೋ, ಸಾಮಾನಿಲ್ಲದ ಕೋಣೆಯೋ ಆಗಬೇಕು. ಒಮ್ಮೆ ತುಂಬಿದ್ದು ಮನೆಗೆ ಮರಳುವುದಿಲ್ಲ. ಡಬ್ಬಿ ಒಡೆದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇನ್ನೊಂದು ಮಾತು, ಸದ್ದು ಯಾರದೋ ಅವರೇ ಡಬ್ಬಿಯ ಹತ್ತಿರ ಬಾಗಿ ‘ಕೊಟ್ಟೆ’ ಅನ್ನಬೇಕು. ಕದ್ದು ತುಂಬಲು ಹೋದವರಿಗೆ ಸಿಕ್ಕಿದ್ದು ಬರೀ ಗಾಳಿ.

ಹಾಗಾಗಿ ಗಿರಾಕಿ ಬಂದಾಗ ನಾನು ಮೊದಲು ಕೇಳುವುದು, ಯಾವ ಸದ್ದು ಇಲ್ಲದೆ ಬದುಕುತ್ತೀಯಪ್ಪ ಎಂದು. ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಕಡಿಮೆ. ದರ್ಜಿ ಗುರುಬಸವ ತನ್ನ ಗೊರಕೆಯನ್ನೇ ತುಂಬಿಸಿದ. ಮೊದಲ ವಾರ ಅವನ ಹೆಂಡತಿ ನನಗೆ ಹೋಳಿಗೆ ತಂದುಕೊಟ್ಟಳು. ತಿಂಗಳು ತುಂಬುವುದರೊಳಗೆ ಮತ್ತೆ ಬಂದು, “ಪಕ್ಕದಲ್ಲಿ ಮಲಗಿರೋದು ಉಸಿರಾಡ್ತಿದೆಯೋ ಇಲ್ಲವೋ ಅಂತ ಮುಟ್ಟಿ ಮುಟ್ಟಿ ನೋಡಬೇಕಾಗಿದೆ ಅಂಬಕ್ಕ, ನಿದ್ದೆಯೇ ಇಲ್ಲ” ಎಂದು ಬೈದು ಹೋದಳು. ಹೋಳಿಗೆಯೂ ಅಲ್ಲಿಗೆ ನಿಂತಿತು.

ನನ್ನ ಅಂಗಡಿ ಪೇಟೆಯ ಕೊನೆಯಲ್ಲಿ, ಬಳೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಇದೆ. ಗಂಡ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದನ್ನು ಅವರಿಂದ ಕಲಿತೆ, ಉಳಿದದ್ದನ್ನು ಗಿರಾಕಿಗಳ ಮುಖ ನೋಡಿ ಕಲಿತೆ. ಈಗ ಹೇಳಹೊರಟಿರುವುದು ಹಿಟ್ಟಿನ ಗಿರಣಿ ಕೊಟ್ರೇಶನ ಹೆಂಡತಿ ದ್ರಾಕ್ಷಾಯಿಣಿಯ ವಿಷಯ.

ದ್ರಾಕ್ಷಾಯಿಣಿ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದಳು. ಗಟ್ಟಿ ಕೈ, ತಪ್ಪದ ತಾಳ. ಆದರೆ ಆರ್ಕೆಸ್ಟ್ರಾದ ಕೆಲಸವೇ ಅಂಥದು: ಯಾವ ಹಾಡು ಹೇಳಿದರೆ ಆ ಹಾಡಿನ ಗಿಟಾರಿನಂತೆಯೇ ಕೇಳಿಸಬೇಕು. ಬೀಗರು ಕೈಯಲ್ಲಿ ಲಾಡು ಹಿಡಿದು ‘ಅದೇ ಥರ ಬಂತು ನೋಡು’ ಅಂದರೆ ಅದೇ ದೊಡ್ಡ ಮೆಚ್ಚುಗೆ. ಒಂದು ದಿನ ಅವಳು ಗಿಟಾರ್ ತಂದು ನನ್ನ ಮೇಜಿನ ಮೇಲಿಟ್ಟಳು. ವೈರು ಸಿಕ್ಕಿಸುವ ಜಾಗ ಸಡಿಲಾಗಿ ಕೊರ ಕೊರ ಅನ್ನುತ್ತಿತ್ತು.

“ಇದನ್ನ ಸರಿ ಮಾಡಿಕೊಡಿ ಅಂಬಕ್ಕ. ಮತ್ತೆ ನನಗೊಂದು ದನಿ ಬೇಕು” ಎಂದಳು.

“ಯಾರ ಥರದ್ದು?”

“ಯಾರ ಥರದ್ದೂ ಅಲ್ಲ. ಅದಕ್ಕೇ ಬಂದಿರೋದು. ಸಂಜೆ ಕಟ್ಟೆಗೆ ಹೆಸರು ಕೊಟ್ಟಿದ್ದೀನಿ.”

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

ನಮ್ಮ ಪೇಟೆ ಮುಚ್ಚುವುದು ಗಿಟಾರ್ ಕೇಳಿದ ಮೇಲೆ. ಪೇಟೆಯ ನಡುವೆ ಹಿಂದೆ ದೊಡ್ಡ ತಕ್ಕಡಿ ನಿಲ್ಲಿಸುತ್ತಿದ್ದ ಕಲ್ಲಿನ ಕಟ್ಟೆಯೊಂದಿದೆ. ಹೊತ್ತು ಮುಳುಗುವಾಗ ಅಲ್ಲಿ ಕೂತು ಒಬ್ಬರು ಬಾರಿಸುತ್ತಾರೆ, ಅದನ್ನು ಕೇಳಿ ಅಂಗಡಿಯವರ ಕೈ ತಾನಾಗಿ ಶಟರಿಗೆ ಹೋಗುತ್ತದೆ. ಅದಕ್ಕೆ ಮೊದಲು ಮುಚ್ಚುವಂತಿಲ್ಲ. ಬಹಳ ವರ್ಷ ಮುಕುಂದಯ್ಯನವರು ಬಾರಿಸಿದರು. ಅವರ ಡಬ್ಬಿಯಲ್ಲಿ ಚೆಂಬಿಗೆ ಹಾಲು ಕರೆಯುವ ಸದ್ದಿತ್ತು. ಕೇಳಿದರೆ ಯಾರಿಗಾದರೂ ಮನೆ ನೆನಪಾಗುತ್ತಿತ್ತು. ಬೆರಳು ಸೆಟೆದುಕೊಂಡ ಮೇಲೆ ಅವರು ಇಳಿದರು. ಆಮೇಲೆ ಶುರುವಾಯಿತು ನಮ್ಮ ಪಾಡು. ಟೊಮೆಟೊ ಮಾರುವವಳು ಮೂಟೆಗೆ ಒರಗಿ ತೂಕಡಿಸುವಳು, ಎಣ್ಣೆ ಅಂಗಡಿಯವನು ದೀಪ ಹಚ್ಚಿ ಹಚ್ಚಿ ಕಣ್ಣು ಕೆಂಪು ಮಾಡಿಕೊಳ್ಳುವನು. ಗಂಡಸರಿಗೆ ಹಬ್ಬ: ಚಹಾದಂಗಡಿಯಲ್ಲಿ ಕೇರಂ ಬೋರ್ಡಿನ ಸುತ್ತ ಕೂತವರು, ಇನ್ನೂ ಪೇಟೆ ಮುಚ್ಚಿಲ್ಲವಲ್ಲ ಎಂದು ಏಳುತ್ತಲೇ ಇರಲಿಲ್ಲ. ಕೊನೆಗೆ ವರ್ತಕರು ಸೇರಿ, ಬಾರಿಸುವವರು ಬರಲಿ, ಒಬ್ಬೊಬ್ಬರಿಗೆ ಒಂದೊಂದು ಸಂಜೆ ಎಂದರು. ಯಾರ ದನಿಗೆ ಶಟರು ಇಳಿಯುತ್ತದೋ ಕಟ್ಟೆ ಅವರದು, ಕೈ ಇರುವ ತನಕ. ಇಳಿಯದಿದ್ದರೆ ಅವರು ಮತ್ತೆ ಆ ಕಟ್ಟೆ ಹತ್ತುವಂತಿಲ್ಲ.

“ಒಂದೇ ಸಂಜೆ ಕಣೇ. ಯೋಚಿಸಿದ್ದೀಯಾ?” ಎಂದೆ.

“ಯೋಚಿಸಿಯೇ ಬಂದೆ. ಮದುವೆಯಾದಾಗಿಂದ ಊರೂರು ತಿರುಗಿ ಬೇರೆಯವರ ದನಿ ಬಾರಿಸಿದ್ದೀನಿ. ಬೆಳಗಿನ ಜಾವ ಮನೆಗೆ ಬಂದು ಕೈ ನೋಡ್ಕೊಂಡ್ರೆ, ಇದು ನನ್ನದೇನಾ ಅನ್ನಿಸುತ್ತೆ. ಕಟ್ಟೆ ಮೇಲೆ ಬಾರಿಸಿದ್ರೆ, ಮುಕುಂದಯ್ಯನವರ ದನಿ ಅಂತಿದ್ರಲ್ಲ, ಹಾಗೆ ದ್ರಾಕ್ಷಾಯಿಣಿ ದನಿ ಅಂತಾರೆ. ಅಷ್ಟು ಸಾಕು.”

ಅವಳ ಹತ್ತಿರ ಆಗಲೇ ಒಂದು ಡಿಲೇ ಇತ್ತು, ತವರುಮನೆ ಬಾವಿಯ ರಾಟೆ ತುಂಬಿದ್ದು. ಅವಳ ತಾಯಿ ಸಂತೋಷದಿಂದಲೇ ಕೊಟ್ಟಿದ್ದಳು, ನಲ್ಲಿ ಬಂದ ಮೇಲೆ ಆ ಬಾವಿಯಿಂದ ಯಾರೂ ನೀರು ಸೇದುತ್ತಿರಲಿಲ್ಲ. ಒಳ್ಳೆಯ ಡಬ್ಬಿ ಅದು. ಒಂದು ಸ್ವರ ಮೀಟಿದರೆ ಅದರ ಹಿಂದೆ ಇನ್ನೊಂದು, ಕೊಡ ಮೇಲಕ್ಕೆ ಬಂದಂತೆ ಬರುತ್ತಿತ್ತು. ಆದರೆ ಡಿಲೇ ಅನ್ನುವುದು ಹಿಂದೆ ಬರುವವರ ಕೆಲಸ. ಮುಂದೆ ನಡೆಯಲು ಒಂದು ಬೇಕಲ್ಲ? ಗಿಟಾರಿನಿಂದ ಹೊರಟ ದನಿ ಮೊದಲು ಯಾವ ಡಬ್ಬಿಯೊಳಗೆ ಹೊಕ್ಕು ಬರುತ್ತದೋ ಅದೇ ಯಜಮಾನ. ಮುಂದಿನವೆಲ್ಲ ಅದು ಹೇಳಿದ್ದಕ್ಕೆ ತಲೆಯಾಡಿಸುತ್ತವೆ. ದ್ರಾಕ್ಷಾಯಿಣಿ ಆ ಮೊದಲ ಡಬ್ಬಿಗೆ ಗಿರಣಿಯ ಸದ್ದು ತುಂಬಿಸುತ್ತೇನೆ ಎಂದಳು.

“ದೊಡ್ಡ ಸದ್ದು ತಂತಿಯನ್ನ ನುಂಗಿಬಿಡುತ್ತೆ” ಎಂದೆ.

“ತರಕಾರಿ ಸಾಲಿನ ಆ ತುದಿಗೆ ಮುಟ್ಟಬೇಕಲ್ಲ ಅಂಬಕ್ಕ.”

“ಮುಟ್ಟೋಕೆ ಸ್ಪೀಕರ್ ಇದೆ. ಡಬ್ಬಿ ಇರೋದು ಮುಟ್ಟಿಸೋಕಲ್ಲ, ಗುರುತಿಗೆ.”

ಅವಳು ಕೇಳಲಿಲ್ಲ. ಡಬ್ಬಿ ಒಯ್ದಳು. ಕೊಟ್ರೇಶ ಹೆಂಡತಿಗೆ ಇಲ್ಲ ಅನ್ನುವ ಗಂಡಸಲ್ಲ. ಗಿರಣಿಯ ಬೆಲ್ಟು ತಿರುಗುತ್ತಿರುವಾಗಲೇ ಬಾಗಿ ‘ಕೊಟ್ಟೆ’ ಅಂದ. ಅಲ್ಲಿಂದ ಗಿರಣಿ ಬೀಸುತ್ತದೆ, ಸದ್ದಿಲ್ಲ. ಕರೆಂಟ್ ಇಲ್ಲವೇನೋ ಎಂದು ಕಾಳಿನ ಡಬ್ಬ ಹೊತ್ತು ಬಂದ ಹೆಂಗಸರು ಬಾಗಿಲವರೆಗೂ ಬಾರದೆ ತಿರುಗಿ ಹೋದರು. ಕೊಟ್ರೇಶ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬೀದಿಗೆ ಓಡಿ ಬಂದು, “ಇದೆ ಇದೆ, ಬನ್ನಿ” ಎಂದು ಕೈಬೀಸುವುದೇ ಕೆಲಸವಾಯಿತು. ಆಮೇಲೆ ಬೆಲ್ಟಿಗೆ ತಗಲುವ ಹಾಗೆ ಎಮ್ಮೆ ಕೊರಳ ಗಂಟೆಯೊಂದನ್ನು ಕಟ್ಟಿದ. ಈಗಲೂ ಗಿರಣಿ ನಡೆಯುತ್ತಿದ್ದರೆ ಆ ಕಡೆಯಿಂದ ಎಮ್ಮೆ ಓಡಿ ಬಂದಂತೆ ಕೇಳಿಸುತ್ತದೆ. ಜನ ಒಗ್ಗಿಕೊಂಡರು.

ಗಿಟಾರಿನ ಗತಿ ಮಾತ್ರ ನಾನು ಹೇಳಿದಂತೆಯೇ ಆಯಿತು. ಯಾವ ಸ್ವರ ಮೀಟಿದರೂ ಮೇಲೆ ಜರಡಿ ಹಿಡಿದು ಹಿಟ್ಟು ಸುರಿದ ಹಾಗೆ, ಒಂದಕ್ಕೂ ಇನ್ನೊಂದಕ್ಕೂ ಗುರುತೇ ಇಲ್ಲ. ದ್ರಾಕ್ಷಾಯಿಣಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಾರಿಸಿ, ನಿಲ್ಲಿಸಿ, ಗಿಟಾರ್ ನನ್ನ ಕೈಗೆ ಕೊಟ್ಟಳು. ಅಳಲಿಲ್ಲ. “ಇನ್ನೊಂದು ಖಾಲಿ ಡಬ್ಬಿ ಎತ್ತಿಡಿ. ಏನು ತುಂಬೋದು ಅಂತ ನೋಡ್ತೀನಿ” ಎಂದು ಹೋದಳು. ವೈರಿನ ಜಾಗ ಮತ್ತೆ ಸಡಿಲಾಗಿದ್ದರಿಂದ ಗಿಟಾರನ್ನು ಗೋಡೆಗೆ ನೇತುಹಾಕಿದೆ.

ಮರುದಿನ ಅವಳ ಅತ್ತೆ ಹಾಲಮ್ಮ ಬಂದಳು.

ಹಾಲಮ್ಮನ ವಿಷಯ ಹೇಳಬೇಕೆಂದರೆ ಅವಳ ‘ಹುಂ’ ವಿಷಯ ಹೇಳಬೇಕು. ಒಪ್ಪಿಗೆಗೆ ಅನ್ನುತ್ತೇವಲ್ಲ, ಆ ಹ್ಞೂಂ ಅಲ್ಲ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಬಿಡುವ, ಗಿಡ್ಡನೆಯ, ಕೆಳಕ್ಕೆ ಇಳಿಯುವ ಒಂದು ಸದ್ದು. ಜೋರೇನಿಲ್ಲ. ಆದರೆ ಗಿರಣಿ ಓಣಿಯಲ್ಲಿ ಅವಳು ಮನೆ ಜಗಲಿಯ ಮೇಲೆ ಕೂತು ‘ಹುಂ’ ಅಂದಳೆಂದರೆ ಇಸ್ಪೀಟಿನವರು ಎಲೆ ಮಡಚುತ್ತಿದ್ದರು, ಮೊಮ್ಮಕ್ಕಳು ಕಾಲು ತೊಳೆಯಲು ಓಡುತ್ತಿದ್ದರು, ಕೊಟ್ರೇಶ ಅಂಗಿ ಹಾಕಿಕೊಂಡು ಗಿರಣಿಗೆ ಹೊರಡುತ್ತಿದ್ದ. ಹೆದರಿ ಅಲ್ಲ. ಮಾಡಬೇಕಾದ ಕೆಲಸ ಬಿಟ್ಟು ಕೂತಿದ್ದೇನಲ್ಲ ಎಂದು ತಾನಾಗಿ ನೆನಪಾಗುತ್ತಿತ್ತು, ಅಷ್ಟೆ. ಗಂಡ ಹೋದ ಮೇಲೆ ಹಾಲಮ್ಮ ಒಂದು ಮನೆ, ಒಂದು ಗಿರಣಿ ನಡೆಸಿದ್ದು ಅದರಿಂದಲೇ. ಮಾತು ಖರ್ಚು ಮಾಡಿದವಳಲ್ಲ.

ಅವತ್ತು ಮಾತ್ರ ಮಾತನ್ನೇ ತಂದಿದ್ದಳು. “ಏನೇ ಅಂಬಾ, ನನ್ನ ಮಗನ ಗಿರಣಿ ಬಾಯಿಗೆ ಬಟ್ಟೆ ತುರುಕಿದೆಯಲ್ಲ.”

“ನಾನು ಡಬ್ಬಿ ಮಾರಿದೆ ಹಾಲಮ್ಮ. ಬೇಡ ಅಂತಲೂ ಹೇಳಿದ್ದೆ.”

“ಬೇಡ ಅಂತ ಹೇಳಿ ಮಾರೋದು ಯಾವ ಸೀಮೆ ವ್ಯಾಪಾರ?”

“ಹೊಟ್ಟೆಪಾಡಿನ ವ್ಯಾಪಾರ. ಕೂತ್ಕೊಳ್ಳಿ, ಚಹಾ ತರಿಸ್ತೀನಿ.”

ಕೂರಲಿಲ್ಲ. ನನ್ನನ್ನು ನೋಡಿದಳು, ಡಬ್ಬಿಗಳ ಸಾಲು ನೋಡಿದಳು, ‘ಹುಂ’ ಅಂದಳು. ಬೆಳಗ್ಗೆಯಿಂದ ಒಂದು ಗಿಟಾರನ್ನು ಪುಕ್ಕಟೆ ಬಾರಿಸುತ್ತ ಕೂತಿದ್ದ ಗಿರಾಕಿಯೊಬ್ಬ ಅದನ್ನು ಕೆಳಗಿಟ್ಟು, ಗೋಧಿ ಒಣಗಿಸಬೇಕಿತ್ತು ಎಂದು ಎದ್ದು ಹೊರಟೇಬಿಟ್ಟ. ಅಷ್ಟೇ ಆಗಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಆದರೆ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದ ಗಿಟಾರುಗಳಲ್ಲಿ ಒಂದರ ದಪ್ಪ ತಂತಿ, ಯಾರೂ ಮುಟ್ಟದೆ, ಗುಂಯ್ ಅಂದಿತು. ಬೇರೆ ಯಾವುದೂ ಅಲುಗಲಿಲ್ಲ.

ಈ ಕಸುಬಿನಲ್ಲಿ ಅದನ್ನು ನಾನು ಮೂರು ನಾಲ್ಕು ಸಲ ಮಾತ್ರ ಕಂಡಿದ್ದೆ. ಯಾವ ಸದ್ದಿಗೆ ತಂತಿ ತಾನಾಗಿ ಓಗೊಡುತ್ತದೋ ಆ ಸದ್ದೇ ಆ ಗಿಟಾರಿಗೆ ಬೇಕಾದದ್ದು. ಹಾಲಮ್ಮನೂ ಕೇಳಿಸಿಕೊಂಡಿದ್ದಳು.

“ಯಾರದು ಅದು?”

“ನಿಮ್ಮ ಸೊಸೇದು. ನಿಮ್ಮ ಮನೇಲೇ ನೇತಾಡಿಕೊಂಡು ಕೇಳಿ ಕೇಳಿ ಕಲಿತಿದೆ.” ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. “ಆ ಹುಂ ಇದ್ದರೆ ಅವಳಿಗೆ ಕಟ್ಟೆ ಸಿಗುತ್ತೆ ಹಾಲಮ್ಮ.”

ಅವಳ ಮುಖ ಬಿಗಿಯಾಯಿತು. “ಅವಳೇ ಹೇಳಿಕೊಟ್ಟಳಾ? ಮುದುಕಿ ಬಾಯಿ ಕಟ್ಟಿಸೋಕೆ ಡಬ್ಬಿ ಬೇರೆ ತಂದಿಟ್ಟಿದ್ದೀರಾ ಇಬ್ಬರೂ?”

“ಅವಳಿಗೆ ಇನ್ನೂ ಗೊತ್ತೇ ಇಲ್ಲ.”

“ಗೊತ್ತಾಗೋದೂ ಬೇಡ” ಎಂದು ಮೆಟ್ಟಿಲಿಳಿದು ಹೋದಳು.

ಆದರೆ ನಾನು ಹೇಳಿದೆ. ಗೊತ್ತಿದ್ದೂ ಹೇಳದೆ ಇರುವುದು ಗಿರಾಕಿಗೆ ಮಾಡುವ ಮೋಸ. ದ್ರಾಕ್ಷಾಯಿಣಿ ಕೇಳಿ ಅತ್ತೆಗಿಂತ ಜೋರಾಗಿ ಸಿಡಿದಳು.

“ಆ ಹುಂ ಕೇಳದೆ ಇರೋ ಜಾಗ ಅಂತ ನನಗಿದ್ದದ್ದು ಗಿಟಾರ್ ಒಂದೇ ಅಂಬಕ್ಕ. ಅದರೊಳಗೂ ಅವರನ್ನ ಕೂರಿಸಬೇಕಾ? ನನ್ನದೇ ದನಿ ಬೇಕು ಅಂದ್ರೆ ನಮ್ಮತ್ತೆ ದನಿ ಕೊಡ್ತೀರಲ್ಲ!”

“ಡಬ್ಬಿ ಕೊಡೋದು ಒಗರು. ಯಾವ ಸ್ವರ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಅನ್ನೋದು ಬೆರಳಿನ ಕೆಲಸ. ಬೆಂಡೇಕಾಯಿ ಬೆಳೆದವರು ಯಾರೋ, ಹುಳಿ ಮಾಡಿದವಳು ನೀನು. ಹುಳಿ ಯಾರದು?”

“ನಮ್ಮನೇಲಿ ಹುಳೀನೂ ಅವರದೇ” ಎಂದಳು. ಇಬ್ಬರಿಗೂ ನಗು ಬಂತು. ಆದರೂ ಬೇಡ ಅಂದದ್ದು ಬೇಡವೇ. ಬಳೆ ತುಂಬಿಸಲೇ, ಒನಕೆ ತುಂಬಿಸಲೇ ಎಂದು ಎರಡು ವಾರ ಒಂದೊಂದನ್ನೇ ತಂದು ಗಿಟಾರಿನ ಮುಂದೆ ಆಡಿಸಿ ನೋಡಿದಳು. ತಂತಿ ಮಿಸುಕಲಿಲ್ಲ. ಅವಳ ಸಂಜೆ ಹತ್ತಿರವಾಗುತ್ತಿತ್ತು.

ಅವಳಿಗಿಂತ ಮೊದಲು ಚಿದಾನಂದನ ಸರದಿ. ಅದೇ ಆರ್ಕೆಸ್ಟ್ರಾದ ಮುಂದಿನ ಸಾಲಿನ ಗಿಟಾರಿನವನು, ಕೂದಲು ಬೆಳೆಸಿದ ಚೆಂದದ ಹುಡುಗ. ಅವನ ಡಬ್ಬಿ ನನ್ನದೇ. ಮನೆ ಹೆಂಚಿನ ಮೇಲೆ ಬೀಳುವ ಮೊದಲ ಮಳೆಯ ಸದ್ದು ತುಂಬಿಸಿದ್ದ, ಈಗ ಅವನ ಮನೆಯವರಿಗೆ ಮಳೆ ಬಂದದ್ದು ಒಣಗಿಸಿದ ಬಟ್ಟೆ ನೆನೆದ ಮೇಲೆಯೇ ಗೊತ್ತಾಗುವುದು. ಅವನು ಬಾರಿಸಿದ ದಿನ ನಾನೂ ಅಂಗಡಿಯ ಮುಂದೆ ನಿಂತು ಕೇಳಿದೆ. ಸುಳ್ಳು ಹೇಳಬಾರದು, ಅಷ್ಟು ಇಂಪಾದದ್ದನ್ನು ಆ ಕಟ್ಟೆಯಿಂದ ನಾನು ಕೇಳಿರಲಿಲ್ಲ. ಜನ ನಿಂತಲ್ಲೇ ನಿಂತರು. ಮೂಟೆಗಳ ಮೇಲೆ ಕೂತರು. ಚಹಾದವನು ಇನ್ನೊಂದು ಪಾತ್ರೆ ಹಾಲು ಏರಿಸಿದ. ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಚಿದಾನಂದ ಬಾಗಿ ಕೈಮುಗಿದ. ತಲೆ ಎತ್ತಿ ನೋಡಿದರೆ ಒಂದು ಶಟರೂ ಇಳಿದಿರಲಿಲ್ಲ. “ಇನ್ನೊಂದು, ಇನ್ನೊಂದು” ಎಂದು ಜನ ಕೂಗುತ್ತಿದ್ದರೆ ಆ ಹುಡುಗ ವೈರು ಸುತ್ತಿಕೊಂಡು ಕಟ್ಟೆ ಇಳಿದ. ಪಾಪ ಅನ್ನಿಸಿತು.

ಪಕ್ಕದಲ್ಲಿ ಯಾರೋ ಬಾಳೆಹಣ್ಣಿನ ಚೀಲ ಕೆಳಗಿಟ್ಟ ಹಾಗಾಯಿತು. ಹಾಲಮ್ಮ.

“ಚೆನ್ನಾಗಿ ಬಾರಿಸ್ತಾನೆ” ಎಂದಳು. “ಬೇಡದೆ ಇದ್ರೂ ನಾನು ಒಂದು ಡಜನ್ ಹಣ್ಣು ಜಾಸ್ತಿ ತಗೊಂಡೆ. ಇವನು ಎಲ್ಲರನ್ನೂ ಕೂರಿಸಿಬಿಟ್ಟ ಅಂಬಾ. ಎಬ್ಬಿಸಬೇಕಾಗಿತ್ತು.”

ಮಾಲು ಕೈಗೆತ್ತಿಕೊಂಡ ಗಿರಾಕಿಯ ಹತ್ತಿರ ಮಾತಾಡಬಾರದು.

ಅವಳು ಕಟ್ಟೆಯ ಕಡೆಗೇ ನೋಡುತ್ತ ನಿಂತಳು. ಸುತ್ತ ಹೆಂಗಸರು, ಒಲೆ ಹಚ್ಚಬೇಕು ಎಂದು ಗೊಣಗುತ್ತ ಅಲ್ಲೇ ನಿಂತಿದ್ದರು. ಚಹಾದಂಗಡಿಯ ಒಳಗೆ ಕೊಟ್ರೇಶನೇ ಕೇರಂ ಕಾಯಿ ಜೋಡಿಸುತ್ತಿದ್ದ. “ಇಷ್ಟು ಮಂದಿಯನ್ನ ಮನೆಗೆ ಕಳಿಸೋದು ಆ ಹುಡುಗನ ಕೈಲಾಗಲ್ಲ. ಅವಳ ಕೈಲೂ ಬರೀ ಬೆರಳಿಂದ ಆಗಲ್ಲ” ಎಂದಳು. ಆಮೇಲೆ, “ಆ ಡಬ್ಬಿ ಇಟ್ಟಿದ್ದೀಯೋ ಮಾರಿಬಿಟ್ಟೆಯೋ?”

“ಇದೆ.”

“ನಾಳೆ ಅವಳನ್ನ ಕರ್ಕೊಂಡು ಬರ್ತೀನಿ. ಚಹಾ ತರಿಸು.”

ಮರುದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ನನ್ನ ಮೇಜಿನ ಎರಡು ಕಡೆ ಕೂತರು. ನಡುವೆ ಖಾಲಿ ಡಬ್ಬಿ.

“ಅತ್ತೆ, ಬೇಡ” ಎಂದಳು ದ್ರಾಕ್ಷಾಯಿಣಿ. “ಇದು ಹೋದ್ರೆ ತಿರುಗಿ ಬರಲ್ಲ. ಆಮೇಲೆ ಮನೇಲಿ ನಿಮ್ಮ ಮಾತು ಯಾರು ಕೇಳ್ತಾರೆ?”

“ನೀನು ಇಷ್ಟು ದಿನ ಕೇಳ್ತಿದ್ದೆಯಾ?”

“ಕೇಳದೆ ಏನು? ಆ ಹುಂ ಕೇಳಿದ್ರೆ ಎರಡು ಕೈಗೆ ನಾಲ್ಕು ಕೆಲಸ ಹಿಡೀತಿದ್ದೆ. ಹಲ್ಲು ಕಡಿದುಕೊಂಡೇ ಹಿಡೀತಿದ್ದೆ.”

“ಗೊತ್ತು. ಹಲ್ಲಿನ ಸದ್ದೂ ಕೇಳ್ತಿತ್ತು” ಎಂದಳು ಹಾಲಮ್ಮ. “ನೋಡು, ನನಗೆ ವಯಸ್ಸಾಯ್ತು. ಇದು ನನ್ನ ಜೊತೆಗೇ ಹೋಗೋದು. ಅದಕ್ಕಿಂತ ಊರಿಗೆ ಬರಲಿ. ಆದ್ರೆ ಒಂದು ಮಾತು. ಡಬ್ಬಿಗಳ ಸಾಲಿನಲ್ಲಿ ನಾನು ಮೊದಲು ಇರಬೇಕು. ಗಿರಣಿ ಹಿಂದೆ, ಬಾವಿ ಹಿಂದೆ ಎಲ್ಲಾ ನಿಲ್ಲೋಳಲ್ಲ.”

ದ್ರಾಕ್ಷಾಯಿಣಿ ನನ್ನ ಮುಖ ನೋಡಿದಳು. “ಅದು ಅಲ್ಲೇ ಇರಬೇಕಾದ್ದು. ಅವರು ಕೇಳದಿದ್ರೂ ನಾನು ಅಲ್ಲೇ ಇಡ್ತಿದ್ದೆ” ಎಂದೆ.

“ಸರಿ. ಮೊದಲೂ ನೀವೇ ಮುಂದೆ ಇದ್ದದ್ದು, ಹೊಸದೇನಲ್ಲ” ಎಂದಳು ದ್ರಾಕ್ಷಾಯಿಣಿ. “ನನ್ನದೂ ಒಂದಿದೆ ಅತ್ತೆ. ಎಷ್ಟು ಜೋರು, ಎಷ್ಟು ಸಣ್ಣ ಅನ್ನೋ ತಿರುಗಣೆ ನನ್ನ ಕೈಲಿರುತ್ತೆ. ಕಟ್ಟೆ ಹತ್ತಿರ ಬಂದು ಏರಿಸು, ಇಳಿಸು ಅನ್ನಬಾರದು.”

ಕೊಡುವುದಕ್ಕಿಂತ ಇದಕ್ಕೆ ಒಪ್ಪುವುದೇ ಹಾಲಮ್ಮನಿಗೆ ಕಷ್ಟವಾದಂತೆ ಕಂಡಿತು. ಕೊನೆಗೆ “ಆಯ್ತು, ಅನ್ನಲ್ಲ” ಎಂದು ಚಹಾ ಲೋಟ ಪಕ್ಕಕ್ಕಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಡಬ್ಬಿಯ ಮೇಲೆ ಬಾಗಿದಳು. ‘ಹುಂ’ ಅಂದಳು. ಗೋಡೆಯ ಮೇಲಿನ ಗಿಟಾರ್ ಗುಂಯ್ ಅಂದಿತು. ನನ್ನ ಕೈ ನನಗೆ ಅರಿವಿಲ್ಲದೆ ಮೇಜಿನ ಮೇಲಿದ್ದ ಅರ್ಧ ಮುಗಿದ ಬೆಸುಗೆಯ ಕಡೆಗೆ ಹೋಯಿತು. “ಕೊಟ್ಟೆ” ಎಂದಳು. ನಾನು ಮುಚ್ಚಳ ಹಾಕಿ ತಿರುಪು ಬಿಗಿದೆ.

ಅದನ್ನು ಹದಕ್ಕೆ ತರಲು ಒಂದು ವಾರ ಹಿಡಿಯಿತು. ಮೊದಲ ದಿನ ತಿರುಗಣೆ ಹೆಚ್ಚಾಗಿ, ಬಳೆ ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದ ಹೆಂಗಸು ಒಂದು ಕೈಗೆ ಮಾತ್ರ ಬಳೆ ಹಾಕಿಸಿಕೊಂಡು ಎದ್ದು ಹೋದಳಂತೆ; ಬಳೆಗಾರ ಬಂದು ಜಗಳ ತೆಗೆದ. ಇಳಿಸುತ್ತ ಬಂದೆವು. ಗದರಿದಂತೆ ಕೇಳಿಸುವ ಜಾಗ ಒಂದಿದೆ, ಅದಕ್ಕಿಂತ ಕೂದಲೆಳೆ ಕೆಳಗೆ ನೆನಪಿಸಿದಂತೆ ಕೇಳಿಸುವ ಜಾಗ. ಅದನ್ನು ಹುಡುಕಿದ್ದು ದ್ರಾಕ್ಷಾಯಿಣಿಯೇ. ಗಿರಣಿಯ ಡಬ್ಬಿಯನ್ನು ಎಸೆಯಬೇಡ ಎಂದೆ. ಅದನ್ನು ಎರಡನೆಯದಾಗಿಟ್ಟು ಪೂರಾ ಇಳಿಸಿದಾಗ ಹಿಟ್ಟು ಹೋಗಿ, ಅಂಗೈಯಲ್ಲಿ ರವೆ ಉಜ್ಜಿದಷ್ಟು ತರಿ ಮಾತ್ರ ಉಳಿಯಿತು. ಕೊನೆಗೆ ಬಾವಿಯ ರಾಟೆ. ಹೊಸ ಸ್ಪೀಕರ್ ಬೇಡವೆಂದು ನನ್ನ ಗಂಡನ ಕಾಲದ ಮರದ ಪೆಟ್ಟಿಗೆಯ ಹಳೆಯದನ್ನು ಕೊಟ್ಟೆ. ಹೊಸದು ಎಲ್ಲವನ್ನೂ ಹೇಳಿಬಿಡುತ್ತದೆ, ಹಳೆಯದಕ್ಕೆ ಸ್ವಲ್ಪ ಒಳಗೇ ಇಟ್ಟುಕೊಳ್ಳುವ ಅಭ್ಯಾಸ. ಆ ವಾರವೆಲ್ಲ ಹಾಲಮ್ಮ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕೊಟ್ಟ ಮಾತು ಅಂದರೆ ಮಾತು.

ದ್ರಾಕ್ಷಾಯಿಣಿಯ ಸಂಜೆ ಬಂತು. ಅವಳು ಕಟ್ಟೆ ಹತ್ತಿ ಕೂತಾಗ ಯಾರೂ ತಿರುಗಿ ನೋಡಲಿಲ್ಲ. ಆರ್ಕೆಸ್ಟ್ರಾದಲ್ಲಿ ಹಿಂದೆ ನಿಲ್ಲುವ ಹೆಂಗಸಲ್ಲವೇ ಎಂದು ಒಬ್ಬ, ಹಾಡು ಯಾವುದು ಹೇಳೋಣ ಎಂದು ಇನ್ನೊಬ್ಬ. ಕಾಲಿನಿಂದ ಡಬ್ಬಿಗಳನ್ನು ಒಂದೊಂದಾಗಿ ಒತ್ತಿದಳು. ದಪ್ಪ ತಂತಿಯನ್ನು ಒಮ್ಮೆ ಮೀಟಿ ಬಿಟ್ಟಳು.

ಏನೂ ಆಗಲಿಲ್ಲ. ಎರಡನೆಯದು ಮೀಟಿದಳು, ಮೂರನೆಯದಕ್ಕೆ ಇಳಿದಳು, ಇಳಿದಲ್ಲಿ ನಿಂತಳು. ಚಿದಾನಂದನಂತೆ ಓಡಾಡಲಿಲ್ಲ. ಕೆಲವೇ ಸ್ವರ, ನಡುವೆ ಬೇಕಾದಷ್ಟು ಜಾಗ. ಆ ಜಾಗದಲ್ಲಿ ರಾಟೆ ಮೆಲ್ಲಗೆ ಹಿಂದೆ ಬಂತು. ಎಲೆ ಅಡಿಕೆಯವನು ಯಾರಿಗೋ ಏನೋ ಹೇಳಿ ನಗುತ್ತಿದ್ದವನು ನಗು ಅರ್ಧಕ್ಕೆ ಬಿಟ್ಟು, ಒಂದು ಕ್ಷಣ ತನ್ನ ಬುಟ್ಟಿಯನ್ನು ನೋಡಿದ. ಒದ್ದೆ ಬಟ್ಟೆ ತೆಗೆದು ಎಲೆಯ ಮೇಲೆ ಹೊದಿಸಿದ. ಎಣ್ಣೆ ಅಂಗಡಿಯವನ ಕೈ ಮೇಲಕ್ಕೆ ಹೋಯಿತು. ಮೊದಲ ಶಟರ್ ಗರಗರ ಎಂದು ಇಳಿಯಿತು. ಆಮೇಲೆ ಪಾತ್ರೆ ಅಂಗಡಿ, ಬಳೆ ಅಂಗಡಿ, ಬೇಳೆ ಸಾಲು, ತರಕಾರಿ ಸಾಲಿನ ಆ ತುದಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಹಾದಂಗಡಿಯಲ್ಲಿ ಕೇರಂ ಬೋರ್ಡನ್ನು ಗೋಡೆಗೆ ನಿಲ್ಲಿಸಿದ ಸದ್ದಾಯಿತು, ಗಂಡಸರು ಒಬ್ಬರ ಹಿಂದೊಬ್ಬರು ಚಪ್ಪಲಿ ಹುಡುಕಿಕೊಂಡು ಹೊರಬಂದರು. ಕೊಟ್ರೇಶ ಹೆಂಡತಿ ಕೂತ ಕಟ್ಟೆಯ ಮುಂದೆಯೇ, ಅವಳನ್ನು ಕಣ್ಣೆತ್ತಿ ನೋಡದೆ, ದೀಪ ಹಚ್ಚಬೇಕು ಎನ್ನುತ್ತ ಮನೆಯ ಕಡೆ ಹೋದ.

ನಾನೂ ಶಟರ್ ಎಳೆದಿದ್ದೆ. ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಬೇಕೆನ್ನಿಸಿತ್ತು, ಕಾಲು ಕೇಳಲಿಲ್ಲ. ಮೂಲೆಯಲ್ಲಿ ತಿರುಗಿ ನೋಡಿದಾಗ ಇಡೀ ಪೇಟೆಯಲ್ಲಿ ಇಬ್ಬರೇ ಉಳಿದಿದ್ದರು. ಬಾರಿಸಿದವಳು ಕಟ್ಟೆಯ ಮೇಲೆ. ಕಟ್ಟೆಯ ಕೆಳಗೆ, ಖಾಲಿ ಗೋಣಿಚೀಲವೊಂದರ ಮೇಲೆ, ಹಾಲಮ್ಮ. ಅವರಿಬ್ಬರನ್ನು ಮಾತ್ರ ಆ ದನಿ ಮನೆಗೆ ಕಳಿಸಿರಲಿಲ್ಲ.

ಮಳೆಗಾಲ ಕಳೆದು ಹಾಲಮ್ಮ ಒಂದು ದಿನ ನನ್ನ ಅಂಗಡಿಗೆ ಬಂದಳು. ಈ ಸಲ ಹೇಳಿಸಿಕೊಳ್ಳದೆ ಕೂತಳು. ಮನೆಯಲ್ಲಿ ಹೇಗೆ ಎಂದು ಕೇಳಿದೆ.

“ಹೇಗೆ ಅಂದ್ರೆ? ಮೂಗಿಂದ ಬರೀ ಗಾಳಿ ಬರುತ್ತೆ. ಕಾಲು ತೊಳೀರೋ ಅಂತ ಹತ್ತು ಸಲ ಬಾಯಲ್ಲಿ ಹೇಳ್ತೀನಿ. ಆಯ್ತಜ್ಜಿ ಅಂತಾರೆ, ಅಲ್ಲೇ ಕೂತಿರ್ತಾರೆ. ಕೊಟ್ರೇಶ ಬಿಸಿಲೇರಿದ ಮೇಲೆ ಏಳ್ತಾನೆ. ಅವಳು ಒಂದು ಸಲ ನೋಡಿದ್ರೆ ಸಾಕು, ಎಲ್ಲರೂ ಎದ್ದು ನಿಲ್ತಾರೆ. ನಾಳೆ ಏನು ಅಡಿಗೆ ಅಂತ ಅವಳನ್ನೇ ಕೇಳ್ತಾರೆ.”

“ಅವಳು ನಿಮ್ಮನ್ನ ಕೇಳ್ತಾಳಾ?”

“ಕೇಳ್ತಾಳೆ. ದಿನಾ ಕೇಳ್ತಾಳೆ, ಒಳ್ಳೆಯವಳು. ಕೇಳೋದೇ ಬೇಜಾರು ಕಣೇ ಅಂಬಾ. ಮೊದಲು ಕೇಳಬೇಕಾಗಿರಲಿಲ್ಲ.”

ಕೊಟ್ಟದ್ದಕ್ಕೆ ಬೇಸರವೇ ಎಂದು ಕೇಳಿದೆ. ಚಹಾ ಆರುವ ತನಕ ಲೋಟ ಹಿಡಿದು ಕೂತಿದ್ದಳು. “ಇಲ್ಲ” ಎಂದಳು. ಲೋಟ ಕೆಳಗಿಟ್ಟು, “ಇಷ್ಟೆಲ್ಲ ಹೋಗುತ್ತೆ ಅಂತ ಗೊತ್ತಿರಲಿಲ್ಲ” ಎಂದಳು.

ದ್ರಾಕ್ಷಾಯಿಣಿಗೆ ಕಟ್ಟೆ ಸಿಕ್ಕಿತು, ಆ ದನಿಯನ್ನು ಊರು ಈಗ ಅವಳ ಹೆಸರಿನಿಂದಲೇ ಕರೆಯುತ್ತದೆ. ಹಾಲಮ್ಮ ಆ ಮನೆಯ ಯಜಮಾನಿಯಾಗಿದ್ದವಳು, ಈಗ ಆ ಮನೆಯಲ್ಲಿರುವ ಮುದುಕಿ.